ನಮ್ಮ ಹಳೆ ಬ್ಯಾಟರಿ ಯಾವ ಮಗುವಿನ ಅಂಗಳದಲ್ಲಿ ಕರಗುತ್ತದೆ?

ಕೊಡಗಿನಲ್ಲಿ ಮಳೆಗಾಲ ಅಂದರೆ ಕರೆಂಟ್ ಇಲ್ಲದ ಕಾಲ. ಒಂದು ಮರ ಲೈನ್ ಮೇಲೆ ಬಿದ್ದರೆ ಎರಡು ದಿನ, ಮೂರು ದಿನ ಕತ್ತಲೆ. 2018ರ ಆಗಸ್ಟಿನಲ್ಲಿ ಗುಡ್ಡಗಳೇ ಕುಸಿದಾಗ ಏನಾಯಿತು ಅಂತ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದಕ್ಕೇ ಸ್ವಲ್ಪ ಅನುಕೂಲ ಇರುವ ಮನೆಗಳಲ್ಲೆಲ್ಲ ಇನ್ವರ್ಟರ್ ಬಂದಿದೆ. ತೋಟಕ್ಕೆ ಆನೆ ನುಗ್ಗದಂತೆ ಸೋಲಾರ್ ಬೇಲಿ, ಅದಕ್ಕೊಂದು ಬ್ಯಾಟರಿ. ಜೀಪಿಗೊಂದು, ಪಿಕಪ್‌ಗೊಂದು, ಸ್ಕೂಟರ್‌ಗೊಂದು. ನಮ್ಮಂಥ ಸಣ್ಣ ತೋಟದ ಮನೆಯಲ್ಲೇ ಎಣಿಸಿದರೆ ಐದು ಬ್ಯಾಟರಿ ಇವೆ. ಐದೂ ಸೀಸದವು.

ಹೋದ ವರ್ಷ ಕಾಫಿ ಹಣ್ಣು ಕೊಯ್ಯುವ ಸಮಯದಲ್ಲಿ ಆಳು ಕೇಳಲು ಪಕ್ಕದ ತೋಟದ ಕೆಲಸಗಾರರ ಲೈನ್ ಮನೆಗೆ ಹೋಗಿದ್ದೆ. ಒಂದು ಬಾಗಿಲ ಮೆಟ್ಟಿಲ ಮೇಲೆ ಸುಮಾರು ಎರಡು ವರ್ಷದ ಮಗು ಕೂತಿತ್ತು. ಕೈಯಲ್ಲಿ ಬೂದು ಬಣ್ಣದ ಜಾಲರಿಯ ತುಂಡು. ದೂರದಿಂದ ಬಿಸ್ಕತ್ತು ಅಂದುಕೊಂಡೆ. ಹತ್ತಿರ ಹೋದಾಗ ಗೊತ್ತಾಯಿತು, ಅದು ಒಡೆದ ಬೇಲಿ ಬ್ಯಾಟರಿಯ ಪ್ಲೇಟ್. ಮಗುವಿನ ಅಂಗೈ, ಬೆರಳ ಸಂದು, ತುಟಿಯ ಮೂಲೆ ಎಲ್ಲ ಬೂದು ಪುಡಿ. ಅಪ್ಪ ಹಿಂದಿನ ದಿನ ಕತ್ತಿಯಲ್ಲಿ ಬ್ಯಾಟರಿ ಒಡೆದು, ಒಳಗಿನ ಸೀಸ ತೆಗೆದು, ಅಡುಗೆ ಒಲೆಯ ಮೇಲೆ ಹಳೆ ಡಬ್ಬದಲ್ಲಿ ಕರಗಿಸಿ ಗಾಳಕ್ಕೆ ಗುಂಡು ಮಾಡಿಕೊಂಡಿದ್ದನಂತೆ. ಉಳಿದದ್ದನ್ನು ಗುಜರಿಯವನಿಗೆ ಕೊಡಲು ಇಟ್ಟಿದ್ದ. ಅವನು ತಪ್ಪು ಮಾಡಿದ ಅಂತ ನನಗೆ ಒಂದು ಕ್ಷಣವೂ ಅನಿಸಲಿಲ್ಲ. ಆ ಪುಡಿ ಏನು ಅಂತ ಅವನಿಗೆ ಯಾರು ಹೇಳಿದ್ದರು? ನನಗೇ ಎಷ್ಟು ಗೊತ್ತಿತ್ತು? ಆಮೇಲೆ ಕೂತು ಓದಿದೆ, ಗೊತ್ತಿರುವ ಡಾಕ್ಟರರನ್ನು ಕೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಸೀಸ, ಪಾದರಸ, ಕ್ಯಾಡ್ಮಿಯಂ ಇಂಥ ಭಾರಲೋಹಗಳ ಮಾತು ಬಂದರೆ ನಮ್ಮ ಕಡೆಯವರು ಹೇಳುವುದು ಒಂದೇ. ಇಲ್ಲಿ ಕಾರ್ಖಾನೆ ಎಲ್ಲಿದೆ? ಕೂಡ್ಲೂರು ಕೈಗಾರಿಕಾ ಬಡಾವಣೆಯಲ್ಲಿ ಕಾಫಿ ವರ್ಕ್ಸ್‌ಗಳಿವೆ ಅಷ್ಟೆ, ಕರಗಿಸುವ ಕುಲುಮೆ ಇಲ್ಲ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸಿದ ಪಲ್ಪಿಂಗ್ ನೀರು ತೋಡಿಗೆ ಬಿಟ್ಟರೆ ಹುಳಿ ವಾಸನೆ ಬರುತ್ತದೆ, ನೀರಿನ ಆಮ್ಲಜನಕ ಇಳಿದು ಮೀನು ಸಾಯುತ್ತವೆ, ಅದೂ ದೊಡ್ಡ ಸಮಸ್ಯೆಯೇ, ಆದರೆ ಅದು ಸೀಸದ ಸಮಸ್ಯೆ ಅಲ್ಲ. ಗಿಡದ ರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಬಳಸುವ ಮೈಲುತುತ್ತದಲ್ಲಿ ತಾಮ್ರ ಇದೆ. ಅದರ ಲೆಕ್ಕ ಬೇರೆ. ತಾಮ್ರ ದೇಹಕ್ಕೆ ಸ್ವಲ್ಪ ಬೇಕು, ಜಾಸ್ತಿಯಾದದ್ದನ್ನು ದೇಹ ಒಂದು ಮಟ್ಟಿಗೆ ಹೊರಗೆ ಹಾಕುತ್ತದೆ. ಆ ನೀಲಿ ಹರಳನ್ನು ಮಗು ಬಾಯಿಗೆ ಹಾಕಿಕೊಂಡರೆ ಅಪಾಯ, ಅದಕ್ಕೆ ಅದನ್ನು ಮಕ್ಕಳ ಕೈಗೆ ಸಿಗದ ಹಾಗೆ ಬೀಗ ಹಾಕಿಡಬೇಕು. ಸೀಸ ಹಾಗಲ್ಲ. ದೇಹಕ್ಕೆ ಅದರಿಂದ ಒಂದು ಚೂರೂ ಉಪಯೋಗ ಇಲ್ಲ. ಇಷ್ಟರವರೆಗೆ ಇದ್ದರೆ ಪರವಾಗಿಲ್ಲ ಅನ್ನುವ ಮಟ್ಟವೇ ಇಲ್ಲ.

ಎಷ್ಟು ಸಣ್ಣ ಪ್ರಮಾಣದ ಮಾತು ಇದು ಅಂತ ನೋಡಿ. ಮಗುವಿನ ರಕ್ತದಲ್ಲಿ ಡೆಸಿಲೀಟರಿಗೆ, ಅಂದರೆ ಲೀಟರಿನ ಹತ್ತನೇ ಒಂದು ಪಾಲಿಗೆ, 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಜಾಸ್ತಿ ಸೀಸ ಇದ್ದರೆ ಅದು ಎಲ್ಲಿಂದ ಬಂತು ಅಂತ ಹುಡುಕಿ ತಡೆಯಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿತು. ಅಮೆರಿಕದವರು ಅದೇ ವರ್ಷ ತಮ್ಮ ಎಚ್ಚರಿಕೆಯ ಗೆರೆಯನ್ನು 3.5ಕ್ಕೆ ಇಳಿಸಿದರು. ಮೂರು ವರ್ಷದ ಮಗುವಿನ ಮೈಯಲ್ಲಿ ಹೆಚ್ಚುಕಡಿಮೆ ಒಂದು ಲೀಟರ್ ರಕ್ತ ಇರುತ್ತದೆ. ಲೆಕ್ಕ ಹಾಕಿದರೆ ಆ 5ರ ಗೆರೆ ತಲುಪಲು ಇಡೀ ರಕ್ತದಲ್ಲಿ 50 ಮೈಕ್ರೋಗ್ರಾಂ ಸೀಸ ಸಾಕು. ಪುಡಿ ಉಪ್ಪಿನ ಒಂದೇ ಒಂದು ಕಣದಷ್ಟು ತೂಕ. ಆ ಮೆಟ್ಟಿಲ ಮೇಲಿನ ಮಗುವಿನ ಅಂಗೈಯಲ್ಲಿ ಎಷ್ಟು ಕಣ ಇದ್ದವೋ!

ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆ 2020ರಲ್ಲಿ ಕೊಟ್ಟ ವರದಿಯ ಅಂದಾಜಿನ ಪ್ರಕಾರ, ಪ್ರಪಂಚದ ಮಕ್ಕಳಲ್ಲಿ ಮೂವರಲ್ಲಿ ಒಬ್ಬರು ಈ 5ರ ಗೆರೆ ಮುಟ್ಟಿದವರು ಅಥವಾ ದಾಟಿದವರು. ಸುಮಾರು 80 ಕೋಟಿ ಮಕ್ಕಳು. ಅದರಲ್ಲಿ 27 ಕೋಟಿಗೂ ಜಾಸ್ತಿ ಮಕ್ಕಳು ಭಾರತದವರು. ಈ ಅಂದಾಜು ಓದಿದ ಮೇಲೆ ಇದು ಎಲ್ಲೋ ಕುಲುಮೆ ಪಕ್ಕದ ನಾಲ್ಕು ಬೀದಿಗಳ ಸಮಸ್ಯೆ ಅಂತ ಹೇಳಲು ಆಗುವುದಿಲ್ಲ.

ದೊಡ್ಡವರಿಗಿಂತ ಮಕ್ಕಳಿಗೇ ಯಾಕೆ ಇಷ್ಟು ಪೆಟ್ಟು? ಮಗು ನೆಲದ ಮೇಲೆ ಬದುಕುತ್ತದೆ. ಅಂಬೆಗಾಲಿಡುತ್ತದೆ, ಸಿಕ್ಕಿದ್ದೆಲ್ಲ ಬಾಯಿಗೆ ಹಾಕುತ್ತದೆ, ಧೂಳು ಇರುವ ಎತ್ತರದಲ್ಲೇ ಉಸಿರಾಡುತ್ತದೆ. ಜೊತೆಗೆ ಅದರ ಕರುಳು ದೊಡ್ಡವರ ಕರುಳಿಗಿಂತ ನಾಲ್ಕೈದು ಪಟ್ಟು ಜಾಸ್ತಿ ಸೀಸವನ್ನು ಹೀರಿಕೊಳ್ಳುತ್ತದೆ. ಯಾಕೆಂದರೆ ಬೆಳೆಯುವ ದೇಹಕ್ಕೆ ಕ್ಯಾಲ್ಸಿಯಂ, ಕಬ್ಬಿಣ ಬೇಕು, ಅದಕ್ಕಾಗಿ ಬಾಗಿಲು ತೆರೆದೇ ಇಟ್ಟಿರುತ್ತದೆ. ಸೀಸ ಅದೇ ಬಾಗಿಲಲ್ಲಿ ಕ್ಯಾಲ್ಸಿಯಂನ ವೇಷ ಹಾಕಿಕೊಂಡು ಒಳಗೆ ಬರುತ್ತದೆ. ರಕ್ತಕ್ಕೆ ಬಂದದ್ದು ಅಲ್ಲೇ ಜಾಸ್ತಿ ದಿನ ನಿಲ್ಲುವುದಿಲ್ಲ, ಒಂದು ತಿಂಗಳ ಆಸುಪಾಸಿನಲ್ಲಿ ಅರ್ಧಕ್ಕೆ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಒಂದು ಪಾಲು ಮಿದುಳಿಗೆ ಹೋಗಿರುತ್ತದೆ, ಒಂದು ಪಾಲು ಮೂಳೆಯಲ್ಲಿ ಸೇರಿರುತ್ತದೆ. ಮೂಳೆಯಲ್ಲಿ ಅದು ಹತ್ತಾರು ವರ್ಷ ಕೂರುತ್ತದೆ. ಇವತ್ತು ಸೀಸ ನುಂಗಿದ ಹೆಣ್ಣುಮಗು ಇಪ್ಪತ್ತು ವರ್ಷದ ನಂತರ ಬಸುರಿಯಾದಾಗ, ಹೊಟ್ಟೆಯ ಕೂಸಿಗೆ ಕ್ಯಾಲ್ಸಿಯಂ ಕೊಡಲು ಮೂಳೆ ಕರಗುತ್ತದಲ್ಲ, ಆಗ ಆ ಸೀಸವೂ ಹೊರಗೆ ಬಂದು ಕೂಸಿಗೆ ಹೋಗುತ್ತದೆ. ಇದನ್ನು ಓದಿದ ದಿನ ನನಗೆ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ ನಮ್ಮ ಅಂಗನವಾಡಿಗಳಿಗೆ ನೇರವಾಗಿ ಸಂಬಂಧಪಟ್ಟದ್ದು. ಕಬ್ಬಿಣದ ಅಂಶ ಕಡಿಮೆ ಇರುವ ಮಗು ಸೀಸವನ್ನು ಇನ್ನೂ ಜಾಸ್ತಿ ಹೀರಿಕೊಳ್ಳುತ್ತದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ 65.5 ಶೇಕಡ ರಕ್ತಹೀನರು ಅಂತ ಬಂತು. ರಕ್ತಹೀನತೆ ಇದ್ದ ಮಕ್ಕಳು ಮಣ್ಣು ತಿನ್ನುತ್ತಾರೆ, ಗೋಡೆ ಕೆರೆದು ತಿನ್ನುತ್ತಾರೆ, ನಮ್ಮ ಅಜ್ಜಿಯರಿಗೂ ಗೊತ್ತಿದ್ದ ಮಾತು ಅಲ್ವಾ? ಮಣ್ಣಿನಲ್ಲಿ ಸೀಸ ಇದ್ದರೆ ಅದು ಹೊಟ್ಟೆಗೆ ಹೋಯಿತು. ಹೋದ ಸೀಸ ಏನು ಮಾಡುತ್ತದೆ? ರಕ್ತ ತಯಾರಾಗುವುದನ್ನೇ ತಡೆಯುತ್ತದೆ. ರಕ್ತಹೀನತೆ ಇನ್ನೂ ಜಾಸ್ತಿ. ಮಗು ಇನ್ನೂ ಮಣ್ಣು ತಿನ್ನುತ್ತದೆ. ಲೈನ್ ಮನೆಯ ಮಕ್ಕಳು, ಆದಿವಾಸಿ ಹಾಡಿಯ ಮಕ್ಕಳು, ಕೊಯ್ಲಿಗೆ ದೂರದಿಂದ ಬಂದವರ ಮಕ್ಕಳು ಈ ಸುಳಿಗೆ ಮೊದಲು ಸಿಗುತ್ತಾರೆ. ಒಳ್ಳೆ ಊಟ ಮಾಡುವ ಮಗು ಮತ್ತು ಅರೆಹೊಟ್ಟೆಯ ಮಗು ಒಂದೇ ಅಂಗಳದಲ್ಲಿ ಆಡಿದರೂ ಇಬ್ಬರ ರಕ್ತಕ್ಕೂ ಒಂದೇ ಸಮ ಸೀಸ ಹೋಗುವುದಿಲ್ಲ.

ಲಕ್ಷಣ ಕೇಳಿದರೆ ಹೇಳುವುದು ಕಷ್ಟ. ಹೊಟ್ಟೆನೋವು, ಮಲಬದ್ಧತೆ, ಸಿಡುಕು, ಊಟ ಬೇಡ ಅನ್ನುವುದು. ಯಾವ ಮಗುವಿಗೆ ಇವು ಇರುವುದಿಲ್ಲ ಹೇಳಿ. ತುಂಬಾ ಜಾಸ್ತಿಯಾದಾಗ ಮಾತ್ರ ಫಿಟ್ಸ್, ಎಚ್ಚರ ತಪ್ಪುವುದು, ಸಾವು. ಅದಕ್ಕಿಂತ ಕೆಳಗೆ ಎಲ್ಲವೂ ಮೌನವಾಗಿ ನಡೆಯುತ್ತದೆ. ಬೇರೆ ಬೇರೆ ದೇಶಗಳ ಏಳು ಅಧ್ಯಯನಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯೊಂದಿದೆ. ರಕ್ತದ ಸೀಸ 2.4ರಿಂದ 10ಕ್ಕೆ ಏರಿದರೆ ಬುದ್ಧಿಮತ್ತೆಯ ಅಂಕದಲ್ಲಿ ಸುಮಾರು 4 ಕಡಿಮೆ ಅಂತ ಅದು ತೋರಿಸಿತು. ಮೊದಲ ಕೆಲವು ಮೈಕ್ರೋಗ್ರಾಂಗಳೇ ಆಮೇಲಿನವಕ್ಕಿಂತ ಜಾಸ್ತಿ ಹಾನಿ ಮಾಡುತ್ತವೆ ಅನ್ನುವುದು ಅದರ ಇನ್ನೊಂದು ಮಾತು. ಒಂದು ಮಗುವಿನಲ್ಲಿ 4 ಅಂಕ ಯಾರ ಕಣ್ಣಿಗೂ ಬೀಳುವುದಿಲ್ಲ. ಮಗು ಸ್ವಲ್ಪ ಮಂದ, ಒಂದು ಕಡೆ ಕೂರುವುದಿಲ್ಲ, ಗಮನ ಇಲ್ಲ ಅಂತ ಮೇಷ್ಟ್ರು ಹೇಳುತ್ತಾರೆ. ಮನೆಯವರು ಹಣೆಬರಹ ಅನ್ನುತ್ತಾರೆ. ಒಂದು ಊರಿನ ಎಲ್ಲ ಮಕ್ಕಳಿಗೂ ಹೀಗಾದರೆ?

ಈಗ ಕುಲುಮೆಯ ಪಕ್ಕದ ಊರುಗಳ ಮಾತು. ಸೀಸ 327 ಡಿಗ್ರಿಗೇ ಕರಗುತ್ತದೆ. ಕಬ್ಬಿಣಕ್ಕೆ ಬೇಕಾದ ಭಟ್ಟಿ ಬೇಡ, ಸೌದೆ ಒಲೆ ಸಾಕು. ಇಡೀ ಕಥೆಯ ಮೂಲ ಇಲ್ಲಿದೆ ಅಂತ ನನಗೆ ಅನಿಸುತ್ತದೆ. ಒಂದು ದೊಡ್ಡ ಇನ್ವರ್ಟರ್ ಬ್ಯಾಟರಿ ಐವತ್ತು ಕಿಲೋ ದಾಟುತ್ತದೆ, ಅದರ ಅರ್ಧಕ್ಕಿಂತ ಜಾಸ್ತಿ ಸೀಸ. ಸೀಸವನ್ನು ಎಷ್ಟು ಸಲ ಬೇಕಾದರೂ ಕರಗಿಸಿ ಮತ್ತೆ ಬಳಸಬಹುದು, ಬೆಲೆಯೂ ಇದೆ. ಹಾಗಾಗಿ ಹಳೆ ಬ್ಯಾಟರಿ ಎಂದೂ ಕಸದ ಗುಂಡಿಗೆ ಹೋಗುವುದಿಲ್ಲ, ಯಾರೋ ಒಬ್ಬರು ಕೊಳ್ಳುತ್ತಾರೆ. ಅಲ್ಲಿಂದ ಅದಕ್ಕೆ ಎರಡು ದಾರಿ. ಒಂದು, ಹೊಗೆ ಹಿಡಿಯುವ ಫಿಲ್ಟರ್, ಆಸಿಡ್ ಶುದ್ಧ ಮಾಡುವ ವ್ಯವಸ್ಥೆ, ಕೆಲಸಗಾರರ ರಕ್ತ ಪರೀಕ್ಷೆ ಎಲ್ಲ ಇರುವ ಪರವಾನಗಿಯ ಘಟಕ. ಇನ್ನೊಂದು, ಊರಾಚೆಯ ಶೆಡ್ಡು. ಶೆಡ್ಡಿನಲ್ಲಿ ಕೊಡಲಿಯಿಂದ ಒಡೆಯುತ್ತಾರೆ, ಆಸಿಡನ್ನು ನೆಲಕ್ಕೆ ಚೆಲ್ಲುತ್ತಾರೆ, ಪ್ಲೇಟುಗಳನ್ನು ತೆರೆದ ಬಾಣಲೆಯಲ್ಲಿ ಕರಗಿಸುತ್ತಾರೆ. ಫಿಲ್ಟರ್, ರಕ್ತ ಪರೀಕ್ಷೆ ಇಂಥ ಖರ್ಚು ಇಲ್ಲದ ಕಾರಣ ಶೆಡ್ಡಿನವನು ಗುಜರಿಯವನಿಗೆ ಕಿಲೋಗೆ ಜಾಸ್ತಿ ಕೊಡಬಲ್ಲ. ಪರವಾನಗಿ ಇರುವವನು ಆ ಬೆಲೆಗೆ ನಿಲ್ಲಲು ಕಷ್ಟ. ನಮಗೆ ಗುಜರಿಯಲ್ಲಿ ಸಿಗುವ ಆ ಮುನ್ನೂರು ನಾನೂರು ರೂಪಾಯಿ ಜಾಸ್ತಿ ಎಲ್ಲಿಂದ ಬಂತು ಅಂದರೆ, ಫಿಲ್ಟರ್ ಹಾಕದೆ ಉಳಿಸಿದ ದುಡ್ಡಿನಿಂದ. ಅದನ್ನು ತೆರುವುದು ಶೆಡ್ಡಿನ ಪಕ್ಕದ ಮನೆಯ ಮಗು.

ಸೆನೆಗಲ್ ದೇಶದ ರಾಜಧಾನಿ ಡಕಾರ್ ಹತ್ತಿರ ತಿಯಾರೊಯ್ ಅನ್ನುವ ಬಡವರ ಬಡಾವಣೆ ಇದೆ. ಅಲ್ಲಿ ವರ್ಷಗಟ್ಟಲೆ ಬ್ಯಾಟರಿ ಒಡೆದು ಮರಳೆಲ್ಲ ಸೀಸಮಯವಾಗಿತ್ತು. ಸೀಸದ ಬೆಲೆ ಏರಿದಾಗ ಹೆಂಗಸರು ಆ ಮರಳನ್ನು ಮನೆಗೆ ತಂದು ಜರಡಿ ಹಿಡಿದು ಸೀಸದ ಚೂರು ಆರಿಸಲು ಶುರು ಮಾಡಿದರು. ಅಕ್ಕಿ ಆರಿಸುವ ಹಾಗೆ, ಮಕ್ಕಳನ್ನು ಪಕ್ಕದಲ್ಲೇ ಕೂರಿಸಿಕೊಂಡು. 2007ರ ನವೆಂಬರಿನಿಂದ 2008ರ ಮಾರ್ಚ್ ಒಳಗೆ 18 ಮಕ್ಕಳು ಸತ್ತರು. ಸತ್ತವರ ಅಣ್ಣತಮ್ಮಂದಿರು, ಅಮ್ಮಂದಿರ ರಕ್ತದಲ್ಲೂ ಸೀಸ ತುಂಬಿತ್ತು. ನೈಜೀರಿಯಾದ ಜಾಂಫಾರಾದಲ್ಲಿ 2010ರಲ್ಲಿ ಚಿನ್ನದ ಅದಿರನ್ನು ಮನೆಯಂಗಳದಲ್ಲೇ ಪುಡಿ ಮಾಡಿದ್ದಕ್ಕೆ, ಅದರಲ್ಲಿದ್ದ ಸೀಸದಿಂದ 400ಕ್ಕೂ ಜಾಸ್ತಿ ಮಕ್ಕಳು ಹೋದರು. ಜಾಂಬಿಯಾದ ಕಾಬ್ವೆಯಲ್ಲಿ ಸೀಸದ ಗಣಿ ಮುಚ್ಚಿದ್ದು 1994ರಲ್ಲಿ. ಗಣಿ ಹೋಯಿತು, ಮಣ್ಣು ಅಲ್ಲೇ ಇದೆ, ಈಗ ಹುಟ್ಟುವ ಮಕ್ಕಳೂ ಅದೇ ಮಣ್ಣಲ್ಲಿ ಆಡುತ್ತಾರೆ. ನಮ್ಮದೇ ಪಶ್ಚಿಮ ಘಟ್ಟದ ಕೊಡೈಕೆನಾಲ್‌ನಲ್ಲಿ ಪಾದರಸದ ಥರ್ಮಾಮೀಟರ್ ಕಾರ್ಖಾನೆ 2001ರಲ್ಲಿ ಮುಚ್ಚಿತು, ಕೆಲಸಗಾರರಿಗೆ ಪರಿಹಾರದ ಒಪ್ಪಂದ ಆಗಿದ್ದು 2016ರಲ್ಲಿ, ಮಣ್ಣಿನ ಜಗಳ ಅದರ ನಂತರವೂ ನಡೆಯಿತು. ಲೋಹ ಕೊಳೆಯುವುದಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ಥರ ಎಷ್ಟೋ ವರ್ಷಕ್ಕಾದರೂ ಒಡೆದು ಹೋಗುತ್ತದೆ ಅನ್ನುವ ಹಾಗಿಲ್ಲ. ಬಿದ್ದ ಜಾಗದಲ್ಲಿ ಇರುತ್ತದೆ. ನಮ್ಮಂಥ ಹುಳಿ ಮಣ್ಣು, ಜೋರು ಮಳೆ ಇರುವ ಕಡೆ ಅದು ಸುಲಭವಾಗಿ ಸಡಿಲಗೊಂಡು ನೀರಿನ ಜೊತೆ ಕೆಳಗೆ ಇಳಿಯುತ್ತದೆ. ತಲಕಾವೇರಿ ನಮ್ಮಲ್ಲಿದೆ ಅಂದ ಮೇಲೆ ಕೆಳಗೆ ಇರುವವರ ಬಗ್ಗೆಯೂ ನಾವು ಯೋಚಿಸಬೇಕು.

ಏನೂ ಮಾಡಲು ಆಗುವುದಿಲ್ಲ ಅಂತ ಅಲ್ಲ. ದೊಡ್ಡ ಗೆಲುವುಗಳು ಆಗಿವೆ, ಅದರಲ್ಲಿ ಬೆಂಗಳೂರಿನ ಪಾಲೂ ಇದೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ದೊಡ್ಡ ನಗರಗಳ ಮಕ್ಕಳ ರಕ್ತ ಪರೀಕ್ಷೆ ಮಾಡಿಸಿದಾಗ ಅರ್ಧಕ್ಕಿಂತ ಜಾಸ್ತಿ ಮಕ್ಕಳಲ್ಲಿ 10 ಮೈಕ್ರೋಗ್ರಾಂ ಅಥವಾ ಅದಕ್ಕೂ ಮೇಲೆ ಇತ್ತು. ಆಗ ಪೆಟ್ರೋಲಿನಲ್ಲೇ ಸೀಸ ಬೆರೆಸುತ್ತಿದ್ದರು. 2000ದಲ್ಲಿ ದೇಶದಾದ್ಯಂತ ಅದು ನಿಂತಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷಕ್ಕೆಂದೇ ರಾಷ್ಟ್ರೀಯ ರೆಫರಲ್ ಕೇಂದ್ರ ಕಟ್ಟಿ, ಬಣ್ಣದಲ್ಲಿ, ಬ್ಯಾಟರಿಯಲ್ಲಿ ಇರುವ ಸೀಸದ ಬಗ್ಗೆ ವರ್ಷಗಟ್ಟಲೆ ಹೇಳುತ್ತಾ ಬಂದರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಪಾಲು ಮೀರಬಾರದು ಅನ್ನುವ ನಿಯಮ 2017ರ ನವೆಂಬರಿನಿಂದ ಜಾರಿಯಲ್ಲಿದೆ. ಹೊಸ ಬಣ್ಣದ ಮಾತಾಯಿತು, ಹಳೆ ಬಾಗಿಲು ಕಿಟಕಿಯ ಮೇಲಿನ ಹಳೆ ಬಣ್ಣ ಹಾಗೇ ಇದೆ. ಅದನ್ನು ಒಣಗಿದ ಹಾಗೇ ಉಜ್ಜಿ ಧೂಳು ಎಬ್ಬಿಸಬೇಡಿ, ನೀರು ಹಾಕಿ ಉಜ್ಜಿ.

ಬಾಂಗ್ಲಾದೇಶದ ಅರಿಶಿನದ ಕಥೆ ನನಗೆ ತುಂಬಾ ಧೈರ್ಯ ಕೊಟ್ಟಿತು. 1980ರ ದಶಕದಲ್ಲಿ ನೆರೆ ಬಂದು ಅರಿಶಿನ ಒದ್ದೆಯಾಗಿ ಬಣ್ಣ ಕಳೆದುಕೊಂಡಾಗ, ಹೊಳಪು ಬರಲಿ ಅಂತ ಹಳದಿ ಬಣ್ಣದ ಲೆಡ್ ಕ್ರೋಮೇಟ್ ಬಳಿಯಲು ಶುರುವಾಯಿತು. ಅದೇ ರೂಢಿಯಾಯಿತು. ಬಸುರಿಯರ ರಕ್ತದಲ್ಲಿ ಸೀಸ ಯಾಕೆ ಅಂತ ಹುಡುಕುತ್ತಾ ಹೋದ ಸಂಶೋಧಕರು ಅಡುಗೆಮನೆಯ ಡಬ್ಬಕ್ಕೆ ಬಂದು ನಿಂತರು. 2019ರಲ್ಲಿ ಅಲ್ಲಿನ ಸರ್ಕಾರ ಮಾರುಕಟ್ಟೆ ಮೇಲೆ ದಾಳಿ ಮಾಡಿತು, ದಂಡ ಹಾಕಿತು, ಜನರಿಗೆ ತಿಳಿಸಿತು. ಆ ವರ್ಷ ಪರೀಕ್ಷಿಸಿದ ಮಾದರಿಗಳಲ್ಲಿ 47 ಶೇಕಡ ಕಲಬೆರಕೆ ಇತ್ತು, 2021ಕ್ಕೆ ಸೊನ್ನೆ. ಎರಡೇ ವರ್ಷ.

ನಮ್ಮ ಮನೆಗಳ ಒಳಗೆ ಹುಡುಕಿದರೂ ದಾರಿಗಳು ಸಿಗುತ್ತವೆ. ಹಾರಂಗಿ ಹಿನ್ನೀರಿನಲ್ಲಿ ಗಾಳ ಹಾಕುವ ಹುಡುಗರನ್ನು ನೋಡಿ, ಸೀಸದ ಗುಂಡನ್ನು ದಾರಕ್ಕೆ ಹಲ್ಲಿನಿಂದ ಕಚ್ಚಿ ಕೂರಿಸುತ್ತಾರೆ. ನಾವೂ ಹಾಗೇ ಮಾಡಿದವರು. ಕೋವಿ ನಮ್ಮ ಸಂಸ್ಕೃತಿಯ ಭಾಗ, ಕೈಲ್ ಪೊಳ್ದು ಹಬ್ಬದಲ್ಲಿ ಅದಕ್ಕೆ ಪೂಜೆ ಮಾಡುತ್ತೇವೆ, ತೆಂಗಿನಕಾಯಿಗೆ ಗುಂಡು ಹೊಡೆಯುತ್ತೇವೆ. ತೋಟಾದ ಒಳಗಿನ ಸಣ್ಣ ಗುಂಡು ಸೀಸದ್ದು. ಕೋವಿ ಒರೆಸಿದ ಬಟ್ಟೆ, ತೋಟಾ ಮುಟ್ಟಿದ ಕೈ ಸೋಪು ಹಾಕಿ ತೊಳೆಯದೆ ಮಗುವನ್ನು ಎತ್ತಿಕೊಳ್ಳಬಾರದು. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸುವಾಗ ಶುದ್ಧ ತವರವೇ ಅಂತ ಕೇಳಿ, ಅಗ್ಗ ಅಂತ ಸೀಸ ಬೆರೆಸುವುದು ಉಂಟು. ಇನ್ನು ಕ್ಯಾಡ್ಮಿಯಂ. ಹೊಗೆಸೊಪ್ಪಿನ ಗಿಡ ಅದನ್ನು ಮಣ್ಣಿನಿಂದ ಎಳೆದು ಎಲೆಯಲ್ಲಿ ತುಂಬಿಕೊಳ್ಳುತ್ತದೆ. ಮಳೆ ಬರುತ್ತಿದೆ ಅಂತ ಬಾಗಿಲು ಹಾಕಿಕೊಂಡು ಒಳಗೆ ಬೀಡಿ ಸೇದಿದರೆ ಅದು ಮಗುವಿನ ಉಸಿರಿಗೂ ಹೋಗುತ್ತದೆ.

ಆ ಲೈನ್ ಮನೆಯ ಮಗುವಿಗೆ ಏನಾಯಿತು ಅಂತ ಹೇಳುತ್ತೇನೆ. ಅಮ್ಮ ಕೈ ಬಾಯಿ ತೊಳೆಸಿದಳು. ಮರುದಿನ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಹಿಮೋಗ್ಲೋಬಿನ್ ನೋಡಿದರು, ಕಡಿಮೆ ಇತ್ತು, ಸಿರಪ್ ಕೊಟ್ಟರು. ಸೀಸದ ಪರೀಕ್ಷೆ ಕೇಳಿದೆ. ಇಲ್ಲಿ ಆಗುವುದಿಲ್ಲ, ದೊಡ್ಡ ಊರಿನ ಲ್ಯಾಬಿಗೆ ಕಳಿಸಬೇಕು ಅಂದರು. ಕಳಿಸುವಷ್ಟರಲ್ಲಿ ಕೊಯ್ಲು ಮುಗಿದು ಅವರು ಬೇರೆ ಕಡೆ ಕೆಲಸಕ್ಕೆ ಹೋಗಿಬಿಟ್ಟರು. ಫೋನ್ ಸ್ವಿಚ್ ಆಫ್.

ನಮ್ಮಲ್ಲಿ ಮಕ್ಕಳ ರಕ್ತದ ಸೀಸವನ್ನು ವಾಡಿಕೆಯಾಗಿ ನೋಡುವ ಪದ್ಧತಿಯೇ ಇಲ್ಲ. ರಕ್ತಹೀನತೆಗೆ ಬೆರಳು ಚುಚ್ಚುತ್ತೇವಲ್ಲ, ಅದೇ ಎರಡು ಹನಿ ರಕ್ತದಲ್ಲಿ ಸೀಸವನ್ನೂ ನೋಡುವ ಸಣ್ಣ ಯಂತ್ರಗಳು ಬಂದಿವೆ. ಜಾಸ್ತಿ ಅಂತ ಬಂದರೆ ರಕ್ತನಾಳದಿಂದ ರಕ್ತ ತೆಗೆದು ಖಚಿತ ಮಾಡಿಕೊಳ್ಳಬೇಕು, ಬೆರಳಿಗೆ ಹತ್ತಿದ ಧೂಳೂ ಲೆಕ್ಕ ತಪ್ಪಿಸುತ್ತದೆ. ಇಡೀ ಜಿಲ್ಲೆಯ ಮಕ್ಕಳಿಗೆ ಮಾಡಿ ಅಂತ ನಾನು ಹೇಳುತ್ತಿಲ್ಲ. ಸಿರಪ್ ಕೊಟ್ಟರೂ ರಕ್ತ ಏರದ ಮಕ್ಕಳಿಗೆ, ಮಣ್ಣು ತಿನ್ನುವ ಮಕ್ಕಳಿಗೆ, ಗ್ಯಾರೇಜು ಗುಜರಿ ಬ್ಯಾಟರಿ ಕೆಲಸದವರ ಮಕ್ಕಳಿಗೆ ಮೊದಲು ಮಾಡಿ. ಅಷ್ಟು ಸಾಧ್ಯ.

ಜಾಸ್ತಿ ಬಂದರೆ ಔಷಧಿ ಇಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಸೀಸವನ್ನು ಹಿಡಿದು ಮೂತ್ರದಲ್ಲಿ ಹೊರಹಾಕುವ ಔಷಧಿ ಇದೆ, ಸಾಮಾನ್ಯವಾಗಿ 45 ಮೈಕ್ರೋಗ್ರಾಂ ಮುಟ್ಟಿದ ಮಕ್ಕಳಿಗೆ ಕೊಡುತ್ತಾರೆ, ಅದು ಜೀವ ಉಳಿಸುತ್ತದೆ. ಆದರೆ 20ರಿಂದ 44 ಇದ್ದ ಮಕ್ಕಳಿಗೆ ಅದನ್ನು ಕೊಟ್ಟು ನೋಡಿದ ಅಮೆರಿಕದ ದೊಡ್ಡ ಪ್ರಯೋಗದ ಫಲಿತಾಂಶ 2001ರಲ್ಲಿ ಬಂತು. ರಕ್ತದ ಸೀಸ ಇಳಿಯಿತು, ಕಳೆದುಹೋದ ಬುದ್ಧಿಮತ್ತೆ ವಾಪಸ್ ಬರಲಿಲ್ಲ. ಔಷಧಿ ಕುಡಿಸಿ ಮತ್ತೆ ಅದೇ ಅಂಗಳಕ್ಕೆ ಬಿಟ್ಟರೆ ಏನೂ ಪ್ರಯೋಜನ ಇಲ್ಲ. ರಾಗಿ, ಸೊಪ್ಪು, ಹಾಲು, ಮೊಟ್ಟೆ ಕೊಡಿ, ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಒಣ ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ. ಆದರೆ ಅಮ್ಮ ಎಷ್ಟು ಒರೆಸಿದರೂ ಪಕ್ಕದಲ್ಲಿ ಶೆಡ್ಡು ಉರಿಯುತ್ತಿದ್ದರೆ ಸಂಜೆಗೆ ಮತ್ತೆ ಧೂಳು ಕೂರುತ್ತದೆ. ಅವಳ ಸ್ವಚ್ಛತೆಯ ಪಾಠಕ್ಕಿಂತ ಮೊದಲು ಶೆಡ್ಡು ನಿಲ್ಲಬೇಕು.

ಶೆಡ್ಡಿಗೆ ಮಾಲು ಹೋಗುವುದು ನಮ್ಮ ಮನೆಗಳಿಂದ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮದ ಪ್ರಕಾರ, ಮಾರಿದ ಬ್ಯಾಟರಿಯನ್ನು ವಾಪಸ್ ಸಂಗ್ರಹಿಸಿ ಸರಿಯಾದ ಘಟಕಕ್ಕೆ ಕಳಿಸುವ ಹೊಣೆ ತಯಾರಿಸಿದವರದೇ. ಕಾಗದದ ಮೇಲೆ ಇದು ಚೆನ್ನಾಗಿದೆ. ಆದರೆ ತೋಟದ ಮೂಲೆಯಲ್ಲಿ ಬಿದ್ದ ಬೇಲಿ ಬ್ಯಾಟರಿಯನ್ನು ಹುಡುಕಿಕೊಂಡು ಯಾರೂ ಬರುವುದಿಲ್ಲ, ಬರುವುದು ಗುಜರಿ ಗಾಡಿ ಮಾತ್ರ. ಹಾಗಾಗಿ ಈ ಮೇ ತಿಂಗಳಲ್ಲಿ, ಮಳೆಗೆ ಮುಂಚೆ ಎಲ್ಲರೂ ಇನ್ವರ್ಟರ್ ನೋಡಿಸಿಕೊಳ್ಳುವ ಹೊತ್ತಿಗೆ, ನಾವು ಅಕ್ಕಪಕ್ಕದ ಏಳು ಮನೆಯವರು ಸೇರಿ ಹಳೆ ಬ್ಯಾಟರಿಗಳನ್ನೆಲ್ಲ ಒಂದೇ ಪಿಕಪ್‌ನಲ್ಲಿ ಹಾಕಿಕೊಂಡು ಹೊಸದು ಕೊಳ್ಳುವ ಅಂಗಡಿಗೆ ಕೊಟ್ಟೆವು. ಬಿಲ್ಲಿನಲ್ಲಿ ಹಳೆಯದನ್ನು ತೆಗೆದುಕೊಂಡ ಬಗ್ಗೆ ಬರೆಸಿಕೊಂಡೆವು. ಇದು ಎಲ್ಲಿಗೆ ಹೋಗುತ್ತದೆ ಅಂತ ಕೇಳಿದಾಗ ಅಂಗಡಿಯವರಿಗೆ ಮೊದಲು ಆಶ್ಚರ್ಯ ಆಯಿತು. ಇಷ್ಟು ವರ್ಷದಲ್ಲಿ ಯಾರೂ ಕೇಳಿರಲಿಲ್ಲವಂತೆ. ಆಮೇಲೆ ಫೋನ್ ಮಾಡಿ, ಘಟಕದ ಹೆಸರು ಬರೆದುಕೊಟ್ಟರು. ಒಡೆದ ಎರಡು ಬ್ಯಾಟರಿಗಳನ್ನು ದಪ್ಪ ಪ್ಲಾಸ್ಟಿಕ್ ಡಬ್ಬದಲ್ಲಿ ಇಟ್ಟು ಕೊಟ್ಟೆವು. ಲೈನ್ ಮನೆಯ ಮೆಟ್ಟಿಲ ಮುಂದಿನ ಮಣ್ಣನ್ನು ಸ್ವಲ್ಪ ನೀರು ಚಿಮುಕಿಸಿ ಗೇಣುದ್ದ ಕೆರೆದು ತುಂಬಿಟ್ಟ ಚೀಲ ಮಾತ್ರ ಇನ್ನೂ ನಮ್ಮ ಶೆಡ್ಡಿನಲ್ಲೇ ಇದೆ. ಅದನ್ನು ಯಾರಿಗೆ ಕೊಡಬೇಕು ಅಂತ ಪಂಚಾಯಿತಿಯಲ್ಲಿ ಎರಡು ಸಲ ಕೇಳಿದ್ದೇನೆ, ಮುಂದಿನ ಸಭೆಯಲ್ಲಿ ಮತ್ತೆ ಕೇಳುತ್ತೇನೆ.